ಬಿಗಿ ಬಟ್ಟೆ ಮತ್ತು ಬೈರಾಪಟ್ಟಣದ ರಾಧಾಮಣಿ

ಅಶ್ವಥ್ ಮೊದಲ ಸಲ ಕಂಪ್ರೆಷನ್ ಟೀ ಶರ್ಟ್ ಕೊಂಡಾಗ, ವ್ಯಾಯಾಮವನ್ನು ಅದೇ ಮಾಡಿಕೊಳ್ಳುತ್ತದೆ ಎಂದು ನಂಬಿದ್ದ. ಹಾಗೆ ನಂಬಲು ಅವನಿಗೆ ಕಾರಣವೂ ಇತ್ತು. ಪೊಟ್ಟಣದ ಮೇಲೆ ಎದೆಯುಬ್ಬಿಸಿ ನಿಂತಿದ್ದ ಮನುಷ್ಯನ ಕೈಯಲ್ಲಿ ಕಬ್ಬಿಣವೂ ಇರಲಿಲ್ಲ, ಕಲ್ಲೂ ಇರಲಿಲ್ಲ; ಮೈಮೇಲೆ ಅಂಗಿ ಮಾತ್ರ ಇತ್ತು. ಅಂಗಿ ಒತ್ತುತ್ತದೆ, ಒತ್ತಿದ ಕಡೆ ಕೊಬ್ಬು ಕರಗುತ್ತದೆ, ಕರಗಿದ ಕಡೆ ಮಾಂಸಖಂಡ ಏಳುತ್ತದೆ. ಇಷ್ಟು ವಿಜ್ಞಾನ ಮರಳವಾಡಿಯ ಹೈಸ್ಕೂಲಿನಲ್ಲಿ ಕೊನೇ ಬೆಂಚಿನಲ್ಲಿ ಕೂತವನಿಗೂ ಹೊಳೆಯುತ್ತದೆ. ಜಾಸ್ತಿ ಒತ್ತಿದರೆ ಬೇಗ ಏಳಬೇಕಲ್ಲ ಎಂದು ತನ್ನ ಅಳತೆಗಿಂತ ಎರಡು ಸೈಜ್ ಚಿಕ್ಕದನ್ನೇ ತರಿಸಿದ. ಒಂದು ತಿಂಗಳು ಅದನ್ನು ಶರ್ಟಿನೊಳಗೆ ತೊಟ್ಟು ರಾಮನಗರದ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತ, ಅದರಲ್ಲೇ ಮುದ್ದೆ ಉಂಡ, ಅದರಲ್ಲೇ ಮಲಗಿದ. ಉಸಿರನ್ನು ಮಾತ್ರ ಅರ್ಧರ್ಧ ಎಳೆದುಕೊಳ್ಳಬೇಕಾಗುತ್ತಿತ್ತು. ಅದನ್ನೂ ಗುಣ ಕಾಣುತ್ತಿರುವ ಲಕ್ಷಣವೆಂದೇ ತಿಳಿದ.

ಆಮೇಲೆ, ಇನ್ನು ಒಸಿ ಕಬ್ಬಿಣವನ್ನೂ ಮುಟ್ಟಿಬಿಟ್ಟರೆ ಕೆಲಸ ಪೂರ್ತಿಯಾಗುತ್ತದೆಂದು ತಾಜ್ ಪಾಷಾನ ಜಿಮ್ಮಿಗೆ ಹೋದ. ತಾಜ್ ಪಾಷಾನ ತಾಯಿ ಗುಲ್ಜಾರ್ ಬೀ ಕೆಳಗಡೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಸುತ್ತಾಳೆ. ಮಗ ಮೇಲುಗಡೆ ಹುಡುಗರನ್ನು ಬೇಯಿಸುತ್ತಾನೆ. ಬೆಂದ ಹುಳುವಿನ ವಾಸನೆ ಮೆಟ್ಟಿಲೇರಿ ಬಂದು ಬೆವರಿನ ವಾಸನೆಯ ಜೊತೆ ಕೂಡಿಕೊಳ್ಳುತ್ತದೆ. ಯಾವುದು ಯಾವುದೆಂದು ಹೇಳುವುದು ಕಷ್ಟ.

"ಮೊದ್ಲು ಎಲ್ಲಾದ್ರೂ ಮಾಡಿದ್ಯಾ?" ತಾಜ್ ಪಾಷಾ ಕೇಳಿದ.

"ಮಾಡಿದೀನಿ ಅಣ್ಣ. ಮನೇಲೇ. ಒಂದು ತಿಂಗ್ಳಾಯ್ತು."

"ಏನ್ ಮಾಡ್ದೆ?"

ಅಶ್ವಥ್ ಶರ್ಟಿನ ಎರಡು ಗುಂಡಿ ಬಿಚ್ಚಿ ಒಳಗಿದ್ದುದನ್ನು ತೋರಿಸಿದ. "ಇದು."

ತಾಜ್ ಪಾಷಾ ಬೆಂಚಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕೆಳಗಿದ್ದ ತಾಯಿಗೆ ಕೇಳಿಸುವ ಹಾಗೆ ನಕ್ಕ. ಕನ್ನಡಿಯ ಮುಂದಿದ್ದ ಹುಡುಗರೂ ನಕ್ಕರು. ಮೂಲೆಯಲ್ಲಿ ಗಂಡಸರ ಚೌಕಳಿ ಶರ್ಟು, ಕರಿಯ ಬಿಗಿ ಪ್ಯಾಂಟು ತೊಟ್ಟ ಒಬ್ಬ ಹೆಂಗಸು ಕಬ್ಬಿಣದ ಸರಳನ್ನು ಮೆಲ್ಲಗೆ ನೆಲಕ್ಕಿಟ್ಟಳು. ನಲವತ್ತು ದಾಟಿದವಳು. ಅವಳೊಬ್ಬಳು ನಗಲಿಲ್ಲ. ಹತ್ತಿರ ಬಂದು ಅಂಗಿಯ ಅಂಚನ್ನು ಬೆರಳಲ್ಲಿ ಎಳೆದು ನೋಡಿದಳು.

"ಮಲಗಾಗ್ಲೂ ಹಾಕ್ಕೊಂಡಿದ್ಯಾ?"

"ಹೂಂ ಅಕ್ಕ."

"ಬೆವರುಗುಳ್ಳೆ ಏಳ್ನಿಲ್ವಾ?"

"ಎದ್ದವೆ."

"ಅದೊಂದೇ ಎದ್ದಿರಾದು," ಎಂದು ಹೇಳಿ ಮತ್ತೆ ತನ್ನ ಮೂಲೆಗೆ ಹೋದಳು.

ಅವಳೇ ರಾಧಾಮಣಿ. ಹುಟ್ಟಿದ್ದು ಕನಕಪುರದ ಕಡೆ ಕೋಡಿಹಳ್ಳಿಯಲ್ಲಿ, ಸೇರಿದ್ದು ಚನ್ನಪಟ್ಟಣದಾಚೆಯ ಬೈರಾಪಟ್ಟಣವನ್ನು. ಗಂಡ ಬಾಲರಾಜುವಿಗೆ ಹಿಪ್ಪುನೇರಳೆ ತೋಟವಿದೆ, ಹುಳು ಸಾಕುವ ಮನೆಯಿದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಗಂಡನ ಜೊತೆ ಬಂದಿದ್ದ ಒಂದು ಬೆಳಗ್ಗೆ, ತಮ್ಮ ಗೂಡು ಕೊಂಡಿದ್ದ ಗುಲ್ಜಾರ್ ಬೀ ಹತ್ತಿರ ಖಾಲಿ ಚೀಲ ಇಸಿದುಕೊಳ್ಳಲು ಹೋದಳು. ತಲೆಯ ಮೇಲೆ ದಢ್ ದಢ್ ಎಂದು ಏನೋ ಬೀಳುವ ಸದ್ದು.

"ಮೇಲೆ ಏನ್ ಬೀಬಮ್ಮ, ಮನೆ ಕೆಡವ್ತಾವ್ರಾ?"

"ನನ್ ಮಗ ತಾಯಿ. ಕಬ್ಬಿಣ ಎತ್ತೋದು, ಇಳಿಸೋದು. ಮತ್ತೆ ಎತ್ತೋದು. ಅಲ್ಲಿಂದ ಇಲ್ಲಿಗೂ ಸಾಗಿಸಲ್ಲ."

ಇದನ್ನು ನೋಡಲೇಬೇಕೆಂದು ರಾಧಾಮಣಿ ಮೆಟ್ಟಿಲು ಹತ್ತಿದಳು. ಮೀಸೆ ಚಿಗುರದ ಹುಡುಗನೊಬ್ಬ ಸರಳನ್ನು ಮೊಣಕಾಲವರೆಗೆ ಎತ್ತಿ, ಆಕಾಶವೇ ತಲೆಮೇಲೆ ಬಿದ್ದವನ ಹಾಗೆ ಕೂಗಿ, ಕೆಳಗೆ ಹಾಕಿದ. ಸೊಪ್ಪಿನ ಹೊರೆ ಹೊತ್ತು ತೋಟದಿಂದ ಮನೆಗೆ ದಿನಾ ಅಲೆಯುವವಳಿಗೆ ನಗು ತಡೆಯಲಾಗಲಿಲ್ಲ. ತಾಜ್ ಪಾಷಾ, "ನೀವೇ ಎತ್ತಿ ಅಕ್ಕ," ಎಂದ. ಅವಳು ಸೆರಗು ಸಿಕ್ಕಿಸಿಕೊಂಡು, ಅಂಗೈಗೆ ಉಫ್ ಎಂದು ಊದಿಕೊಂಡು ಸರಳು ಹಿಡಿದಳು.

ಅದು ಮಿಸುಕಲಿಲ್ಲ.

ಇನ್ನೊಮ್ಮೆ ಹಿಡಿದಳು. ಮಿಸುಕಲಿಲ್ಲ. ಹುಡುಗರು ಮರ್ಯಾದೆಗೆ ಗೋಡೆ ಕಡೆ ನೋಡಿದರು. ರಾಧಾಮಣಿ ಚೀಲ ಎತ್ತಿಕೊಂಡು ಕೆಳಗಿಳಿದು ಹೋದಳು. ಮುಂದಿನ ವಾರ ಗೂಡು ಇರಲಿಲ್ಲ, ಚೀಲ ಇಸಿದುಕೊಳ್ಳುವುದೂ ಇರಲಿಲ್ಲ. ಆದರೂ ಬಸ್ಸು ಹತ್ತಿ ಬಂದಳು. "ಅವತ್ತೇ ಎದ್ದುಬುಟ್ಟಿದ್ರೆ ಮತ್ತೆ ಬತ್ತಾನೇ ಇರ್ನಿಲ್ಲ," ಎಂದು ಅವಳು ಒಮ್ಮೆ ಹೇಳಿದ್ದುಂಟು. ಹತ್ತಿರದ ಚನ್ನಪಟ್ಟಣವನ್ನು ದಾಟಿಕೊಂಡು ರಾಮನಗರಕ್ಕೆ ಯಾಕೆ ಬರುತ್ತಾಳೆಂದರೆ, ಚನ್ನಪಟ್ಟಣದಲ್ಲಿ ನೆಂಟರು ಜಾಸ್ತಿ.

ಅತ್ತೆ ಬೋರಮ್ಮ ಮೊದಮೊದಲು ಊರಿಗೆಲ್ಲ ಕೇಳುವ ಹಾಗೆ ಕೇಳಿದ್ದಳು: "ಸೊಪ್ಪು ಹೊರಾದು ಸಾಲ್ದು ಅಂತ ಕಬ್ಣ ಹೊರಾಕ್ ಹೋಯ್ತಾಳಂತೆ. ಕಬ್ಣ ಏನ್ ಗೂಡು ಕಟ್ತದಾ?" ಬಾಲರಾಜು ಪರವೂ ಮಾತಾಡಲಿಲ್ಲ, ವಿರೋಧವೂ ಮಾತಾಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಮೊಪೆಡ್ಡಿನಲ್ಲಿ ಬಿಟ್ಟುಬಂದ. ಆ ಮನೆಯಲ್ಲಿ ಒಪ್ಪಿಗೆ ಅಂದರೆ ಅಷ್ಟೇ.

ಮೊದಲು ಅವಳು ನೈಟಿಯ ಮೇಲೆ ಗಂಡನ ಶರ್ಟು ಹಾಕಿಕೊಂಡು ಎತ್ತುತ್ತಿದ್ದಳು. ಒಂದು ದಿನ ಸರಳಿಗೆ ನೈಟಿಯ ಅಂಚು ಸಿಕ್ಕಿ ನೈಟಿಯೂ ಮೇಲೇರಿತು. ಅವತ್ತು ಗುಲ್ಜಾರ್ ಬೀ ತನ್ನ ಸೊಸೆಯನ್ನು ಕಳಿಸಿ ಕರಿಯ ಬಿಗಿ ಪ್ಯಾಂಟೊಂದನ್ನು ತರಿಸಿಕೊಟ್ಟಳು. ಶರ್ಟು ಮಾತ್ರ ಹಾಗೇ ಉಳಿಯಿತು. ಕನಕಪುರದಲ್ಲಿ ನಲವತ್ತು ದಾಟಿದವರಿಗೆಂದು ಭಾರ ಎತ್ತುವ ಸ್ಪರ್ಧೆ ನಡೆದಾಗ ತಾಜ್ ಪಾಷಾ ಅವಳ ಹೆಸರನ್ನೂ ಕೊಟ್ಟ. ಹೆಂಗಸರಲ್ಲಿ ಅವಳು ಎರಡನೆಯವಳಾದಳು. ಒಟ್ಟು ಎಷ್ಟು ಹೆಂಗಸರಿದ್ದರೆಂದು ಪತ್ರಿಕೆಯವರು ಬರೆಯಲಿಲ್ಲ. ಅದು ಅವರ ದೊಡ್ಡಗುಣ. ಕರಿಯ ಬಿಗಿ ಪ್ಯಾಂಟಿನಲ್ಲಿ, ಕೊರಳಲ್ಲಿ ಪದಕ ಹಾಕಿಕೊಂಡು, ಯಾರೋ ಸಾಲ ಕೇಳಿದರೇನೋ ಎಂಬಂತೆ ಮುಖ ಮಾಡಿಕೊಂಡು ನಿಂತ ಅವಳ ಫೋಟೊ ಬಂತು.

ಆ ಫೋಟೊ ಅಶ್ವಥನ ಯಜಮಾನ ಮುಜಾಮಿಲ್ ಕಣ್ಣಿಗೆ ಬಿತ್ತು.

ಮುಜಾಮಿಲ್ ಕೆಟ್ಟ ಮನುಷ್ಯನಲ್ಲ. ಅವನ ಬಟ್ಟೆ ಅಂಗಡಿ ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿದೆ. ಬೈಪಾಸ್ ಆದ ಮೇಲೆ ಕಾರಿನವರು ರಾಮನಗರವನ್ನು ದೂರದಿಂದ ನೋಡಿಕೊಂಡು ಹೋಗುತ್ತಾರೆ. ಊರಿನಲ್ಲಿ ಜಿಮ್ಮುಗಳು ಏಳುತ್ತಿವೆ, ಆದ್ದರಿಂದ ಜಿಮ್ ಬಟ್ಟೆ ಮಾರೋಣ ಎಂದು ಒಂದು ಗೋಡೆಯ ತುಂಬ ಬಿಗಿ ಅಂಗಿ, ಬಿಗಿ ಪ್ಯಾಂಟು ತಂದು ನೇತುಹಾಕಿದ. ಅದರ ಉಸ್ತುವಾರಿಗೆ ಅಶ್ವಥನನ್ನು ನಿಲ್ಲಿಸಿದ. ಮೈಗೆ ಅಂಗಿ ಹತ್ತಿಸಿಕೊಂಡು ಅನುಭವ ಪಡೆದವನು ಅಂಗಡಿಯಲ್ಲಿ ಅವನೊಬ್ಬನೇ.

"ನೋಡು ಅಶ್ವಥ್," ಎಂದಿದ್ದ ಮುಜಾಮಿಲ್. "ದೀಪಾವಳಿ ಒಳಗೆ ಈ ಗೋಡೆ ಮಾಲು ಓಡಿದ್ರೆ ನೀನು ಪರ್ಮನೆಂಟ್. ಓಡ್ಲಿಲ್ಲ ಅಂದ್ರೆ ಗೋಡೆನೂ ಇರಲ್ಲ, ನೀನೂ ಇರಲ್ಲ. ನಂಗೆ ಬೇಜಾರೇ. ಆದ್ರೂ ಇರಲ್ಲ."

ಗೋಡೆ ಓಡಲಿಲ್ಲ. ಹುಡುಗರು ಬರುತ್ತಿದ್ದರು, ಬಟ್ಟೆಯನ್ನು ರಬ್ಬರಿನಂತೆ ಎಳೆದು ನೋಡುತ್ತಿದ್ದರು, "ಇದು ಹಾಕ್ಕೊಂಡ್ರೆ ಏನಾಯ್ತದೆ ಗುರು?" ಎಂದು ಕೇಳುತ್ತಿದ್ದರು. ಅಶ್ವಥನಿಗೆ ಗೊತ್ತಿದ್ದದ್ದು ಬೆವರುಗುಳ್ಳೆ ಏಳುತ್ತದೆ ಎಂಬುದೊಂದೇ. ಅದನ್ನು ಹೇಳುವಂತಿರಲಿಲ್ಲ.

"ಈ ಅಮ್ಮ ನಿಮ್ ಜಿಮ್ಮಿನೋರಲ್ವಾ?" ಮುಜಾಮಿಲ್ ಪತ್ರಿಕೆ ಮುಂದೆ ಹಿಡಿದ. "ಕರ್ಕೊಂಡ್ ಬಾ. ಮೊಬೈಲಲ್ಲಿ ಲೈವ್ ಬಿಡೋಣ. ಬಟ್ಟೆಯಿಂದ ಶಕ್ತಿ ಬಂತು ಅಂತ ಒಂದು ಮಾತು ಹೇಳಿಸು, ಸಾಕು. ಊರಿನ ಹೆಂಗಸ್ರೆಲ್ಲ ಇಲ್ಲೇ ಇರ್ತಾರೆ."

ಅಶ್ವಥನಿಗೆ ಕೆಲಸದ ಭಯವಿತ್ತು. ಅದರ ಪಕ್ಕದಲ್ಲೇ, ಕರೆಯದೆ ಬಂದ ನೆಂಟನ ಹಾಗೆ, ಒಂದು ಕುತೂಹಲವೂ ಬಂದು ಕೂತಿತು. ನಿಜವಾಗಿಯೂ ಶಕ್ತಿ ಬರುತ್ತದಾ?

ತಾಜ್ ಪಾಷಾನನ್ನೇ ಕೇಳಿದ. ತಾಜ್ ಪಾಷಾ ಬಾಯಲ್ಲಿ ಹೇಳುವವನಲ್ಲ. "ಎತ್ತಿ ನೋಡೋಣ," ಎಂದ. ಅವನ ಜಿಮ್ಮಿನ ತೂಕದ ತಟ್ಟೆಗಳು ಎಲ್ಲೋ ಮುಚ್ಚಿಹೋದ ಜಿಮ್ಮಿನಿಂದ ಬಂದವು. ಅವುಗಳ ಮೇಲಿನ ಅಂಕಿಗಳು ಬಣ್ಣದ ಪದರಗಳಡಿ ಹೂತುಹೋಗಿವೆ. ಯಾವುದು ಎಷ್ಟು ಭಾರವೆಂದು ಅವನಿಗೆ ಬಿಟ್ಟರೆ ಮತ್ಯಾರಿಗೂ ತಿಳಿಯದು.

ಮೊದಲು ಅಶ್ವಥ್ ಮಾಮೂಲಿ ಬನಿಯನ್ನಿನಲ್ಲಿ ಎತ್ತಿದ. ತಿಣುಕಿ ತಿಣುಕಿ ಎದ್ದಿತು. ಆಮೇಲೆ ತನ್ನ ಅಳತೆಯ ಬಿಗಿ ಅಂಗಿ, ಬಿಗಿ ಪ್ಯಾಂಟು ಹಾಕಿಕೊಂಡು ಬಂದ. ತಾಜ್ ಪಾಷಾ ತಟ್ಟೆ ಬದಲಿಸಿದ. ಅಶ್ವಥ್ ಹಿಡಿದ, ಎತ್ತಿದ, ಎದ್ದಿತು.

"ಅಣ್ಣಾ, ಹಗುರ! ಯಾರೋ ಹಿಂದ್ಗಡೆಯಿಂದ ತಬ್ಕೊಂಡು ಎತ್ತಿಸ್ದಂಗಾಯ್ತು!"

"ಮೊದ್ಲಿಗಿಂತ ಜಾಸ್ತಿನೇ ಹಾಕಿದ್ದೆ ಕಣೋ," ಎಂದ ತಾಜ್ ಪಾಷಾ.

ಅಶ್ವಥ್ ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಂಡು ನಿಂತ. ಅಂದರೆ ಇಷ್ಟು ದಿನ ಮಾರಲು ಹೆದರುತ್ತಿದ್ದದ್ದು ಅಮೃತವೇ! ಮುಜಾಮಿಲ್ ಭಾಯ್‌ಗೆ ಫೋನ್ ಮಾಡಲೆಂದು ಜೇಬಿಗೆ ಕೈ ಹಾಕಿದ. ಬಿಗಿ ಪ್ಯಾಂಟಿಗೆ ಜೇಬಿರಲಿಲ್ಲ.

ಮಾರನೆಯ ದಿನ ಅಶ್ವಥ್ ಬನಿಯನ್ನಿನಲ್ಲಿದ್ದ. "ಇವತ್ತು ಸುಸ್ತಾಗಿದ್ದೀಯ, ಕಮ್ಮಿ ಹಾಕಿದೀನಿ," ಎಂದು ತಾಜ್ ಪಾಷಾ ಸರಳು ತೋರಿಸಿದ. ಅಶ್ವಥ್ ಸಲೀಸಾಗಿ ಎತ್ತಿ ಇಳಿಸಿದ.

"ನಿನ್ನೆ ಬಿಗಿ ಅಂಗೀಲಿ ಎತ್ತಿದ್ದೇ ಅದು. ಒಂದು ಗ್ರಾಮೂ ಕಮ್ಮಿ ಇಲ್ಲ," ಎಂದ ತಾಜ್ ಪಾಷಾ. "ನಿನ್ನೆ ಎತ್ತಿಸಿದ್ದು ಅಂಗಿನಾ, ಅಂಗಿ ಎತ್ತಿಸ್ತದೆ ಅನ್ನೋ ನಿನ್ ತಲೆನಾ? ಈಗ ಹೇಳು."

ಅಶ್ವಥ್ ತಟ್ಟೆಗಳನ್ನು ಕಳಚಿ ಗೋಡೆಗೊರಗಿಸಿಟ್ಟ. ಎರಡು ದಿನದಲ್ಲಿ ಎರಡು ಸಲ ಮೋಸಹೋದವನು ಮೂರನೆಯದಕ್ಕೆ ಬಾಯಿ ತೆರೆಯಬಾರದು. ಆದರೆ ಒಂದು ಪ್ರಶ್ನೆ ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿತು. ತಲೆಯ ಮಾತಿಗೆ ಮರುಳಾಗುವ ಜಾತಿಯವಳಲ್ಲ ರಾಧಾಮಣಿ. ಎತ್ತುವ ಕೆಲಸ ಮುಗಿದ ಮೇಲೂ ಅವಳು ಆ ಬಿಗಿ ಪ್ಯಾಂಟನ್ನು ಬಿಚ್ಚುವುದಿಲ್ಲ. ಮೇಲೆ ಸೀರೆ ಉಟ್ಟು ಹಾಗೇ ಬಸ್ಸು ಹತ್ತುತ್ತಾಳೆ. ಯಾಕೆ?

ಆ ದಿನಗಳಲ್ಲಿ ಅವಳು ಜಿಮ್ಮಿಗೆ ಬಂದಿರಲಿಲ್ಲ. ರಜದ ದಿನ ಅಶ್ವಥ್ ಅಂಗಡಿಯ ಇಸ್ತ್ರಿ ಶರ್ಟು ತೊಟ್ಟು, ಯಜಮಾನರ ಪರವಾಗಿ ಹೋಗುತ್ತಿದ್ದೇನೆಂಬ ಜವಾಬ್ದಾರಿಯಿಂದ ಕಂಕುಳಿಗೂ ಕತ್ತಿಗೂ ಸೆಂಟು ಹೊಡೆದುಕೊಂಡು, ಸ್ನೇಹಿತನ ಬೈಕಿನಲ್ಲಿ ಬೈರಾಪಟ್ಟಣಕ್ಕೆ ಹೋದ. ತೋಟದ ಬದಿಯಲ್ಲಿ ಹುಳುಮನೆ. ಬಾಗಿಲಲ್ಲಿ ಕೂತಿದ್ದ ಬೋರಮ್ಮ ಮೂಗು ಅರಳಿಸಿ ಗಾಳಿ ಎಳೆದುಕೊಂಡು, ಕೈಯಲ್ಲಿದ್ದ ಪೊರಕೆಯನ್ನು ಅಡ್ಡ ಹಿಡಿದಳು.

"ಏಯ್, ಅಲ್ಲೇ ನಿಂತ್ಕೊ! ಏನ್ಲಾ ಅದು, ಸತ್ತೋರ್ ಮನೆ ಊದುಗಡ್ಡಿ ಹಂಗೆ ನಾರ್ತಿದ್ದೀಯ?"

"ಸೆಂಟು ಅಜ್ಜಿ."

"ಅಯ್ಯೋ ನಿನ್ ಮನೆ ಹಾಳಾಗ! ಹುಳ ನಾಕ್ನೇ ಜ್ವರ ಎದ್ದು ಸೊಪ್ಪು ತಿಂತಾ ಅವೆ. ಈ ಗಾಳಿ ಕುಡಿದ್ರೆ ಒಂದೂ ಗೂಡು ಕಟ್ಟಾಕಿಲ್ಲ. ನಡಿ, ನಡಿ ಆಚೆಗೆ!"

ಹುಳುವಿಗೆ ಪೊರೆ ಕಳಚುವ ಹೊತ್ತನ್ನು ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದಿತೆಂದರೆ ಹುಳು ಹಗಲು ರಾತ್ರಿ ತಿನ್ನುತ್ತದೆ, ಮನೆಯವರು ಹಗಲು ರಾತ್ರಿ ಸೊಪ್ಪು ಹಾಕುತ್ತಾರೆ. ಆ ದಿನಗಳಲ್ಲಿ ಸೆಂಟಿಲ್ಲ, ಬೀಡಿಯಿಲ್ಲ, ಹತ್ತಿರದಲ್ಲಿ ಒಗ್ಗರಣೆಯ ಘಾಟೂ ಇಲ್ಲ. ಅಶ್ವಥನಿಗೆ ಇದು ಗೊತ್ತಿರಬೇಕಿತ್ತು. ಗೂಡಿನ ಊರಲ್ಲಿ ಸಂಬಳ ತಿನ್ನುವವನು.

ಬಾಲರಾಜು ನಗುತ್ತ ಅವನನ್ನು ಬೋರ್‌ವೆಲ್ ನೀರಿನ ಕೆಳಗೆ ನಿಲ್ಲಿಸಿದ. ಸೀಗೆಪುಡಿಯಿಂದ ಉಜ್ಜಿದ ಮೇಲೆ ತನ್ನದೊಂದು ಪಂಚೆ, ಹಳೇ ಬನಿಯನ್ನು ಕೊಟ್ಟ. ಬೋರಮ್ಮ ಇನ್ನೊಮ್ಮೆ ಮೂಸಿ ನೋಡಿ ಒಳಗೆ ಬಿಟ್ಟಳು. ಹೀಗೆ ಯಜಮಾನರ ಪ್ರತಿನಿಧಿ ಒದ್ದೆ ತಲೆಯಲ್ಲಿ ಹುಳುಮನೆ ಹೊಕ್ಕ.

ಒಳಗೆ ಮಳೆ ಹನಿಯುತ್ತಿರುವಂಥ ಸದ್ದು. ಅಟ್ಟಣೆಗಳ ತುಂಬ ಸಾವಿರಾರು ಬಾಯಿ ಸೊಪ್ಪು ಕತ್ತರಿಸುತ್ತಿದ್ದವು. ರಾಧಾಮಣಿ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಅಟ್ಟಣೆಗೆ ಸೊಪ್ಪು ಹರಡುತ್ತಿದ್ದಳು, ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಎತ್ತಿ ಕಟ್ಟಿದ ಸೀರೆಯ ಕೆಳಗೆ ಅದೇ ಕರಿಯ ಪ್ಯಾಂಟು ಕಾಣುತ್ತಿತ್ತು.

"ಅಕ್ಕ, ಇಲ್ಲೂ ಅದೇನಾ? ಇಲ್ಲೇನ್ ಕಬ್ಬಿಣ ಐತೆ?"

ಉತ್ತರ ಕೊಟ್ಟವಳು ಬೋರಮ್ಮ. "ಅವ್ಳು ಕಬ್ಣ ಎತ್ತಿ ಬಂದ ಮಾರ್ನೇ ದಿನ ತೊಡೆ ಹಿಡ್ಕೊಂಡು ಅಯ್ಯಪ್ಪಾ ಅಂತಾಳೆ. ಈಗ ಹಗ್ಲೂ ರಾತ್ರಿ ಕೂತು ಎದ್ದೂ ಹಂಗೇ ಅಂತಾಳೆ. ಬ್ಯಾರೆಯೋರಾದ್ರೆ ನೋವಿನ ಮುಲಾಮು ತಿಕ್ಕೋತಾರೆ. ಈ ಮನೇಲಿ ಮುಲಾಮು ತಿಕ್ಕಂಡ್ರೆ ಹುಳ ಉಳಿದದಾ? ಅದ್ಕೇ ಅದ ಬಿಗಿಯಾಗಿ ಏರಿಸ್ಕೊಂಡ್ ಓಡಾಡ್ತಾಳೆ. ನಾನು ಬಾಣಂತೀಗೆ ಹೊಟ್ಟೆ ಕಟ್ದಂಗೆ ಹಳೇ ಸೀರೆ ಸುತ್ತೀನಿ ಬಾ ಅಂದೆ. ಬ್ಯಾಡ ಅಂದ್ಳು."

"ಅದ್ರಿಂದ ನೋವು ಹೋಯ್ತದಾ ಅಕ್ಕ?" ಅಶ್ವಥ್ ಅವಳ ಪಕ್ಕದಲ್ಲೇ ಕುಕ್ಕರಿಸಿದ.

ರಾಧಾಮಣಿ ಕೈ ನಿಲ್ಲಿಸಿ ಯೋಚಿಸಿದಳು. "ಹೋಗಾಕಿಲ್ಲ. ಒಸಿ ಕಮ್ಮಿ ಅನ್ನಿಸ್ತದೆ. ಹಿಂಗೆ ಕೂತು ಏಳಾಗ ಕಾಲು ನಡುಗಾದು ಕಮ್ಮಿ. ಅದು ಬಟ್ಟೆಯಿಂದ್ಲೋ ಬೆಚ್ಚಗಿರಾದ್ರಿಂದ್ಲೋ, ನಂಗೆ ಗೊತ್ತಿಲ್ಲಪ್ಪ. ಒಂದ್ ಕಾಲಿಗೆ ಹಾಕಿ ಒಂದ್ ಕಾಲಿಗೆ ಬುಟ್ಟು ನೋಡವಾ ಅಂತಿದ್ದೆ. ಹುಳ ಪುರುಸೊತ್ತು ಕೊಡ್ಲಿಲ್ಲ."

ಅಶ್ವಥನಿಗೆ ಆ ಒಂದು ಕಾಲಿನ ಪ್ರಯೋಗ ಬಹಳ ಹಿಡಿಸಿತು. ಪುರುಸೊತ್ತು ಇದ್ದ ತನಗೆ ಅದು ಹೊಳೆಯಲಿಲ್ಲವಲ್ಲ ಎಂದು ಮರುಗಿದ. ಬಂದ ಕೆಲಸ ನೆನಪಾಗಿ, ಅಂಗಡಿಯ ಗೋಡೆ, ದೀಪಾವಳಿ, ತನ್ನ ನೌಕರಿ, ಯಜಮಾನರು ಹೇಳಿಸು ಎಂದ ಒಂದು ಮಾತು, ಎಲ್ಲವನ್ನೂ ಮುಚ್ಚಿಡದೆ ಹೇಳಿದ.

"ಕೆಲ್ಸ ಹೋಯ್ತದಾ ನಿಂದು?"

"ಹೋಗ್ಬೋದು ಅಕ್ಕ."

"ಮನೇಲಿ ಯಾರವ್ರೆ?"

"ಅಪ್ಪ, ಅವ್ವ. ತಂಗಿ ನರ್ಸಿಂಗ್ ಓದ್ತಾವ್ಳೆ. ಫೀಸು ನಂದೇ."

ಅವಳು ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡಳು. "ಹಣ್ಣಾದ ಹುಳ ಗೂಡು ಕಟ್ಟಾಕೆ ಚಂದ್ರಂಕಿ ತಟ್ಟಿಗೆ ಬುಟ್ಟು, ಆಮೇಲೆ ಗೂಡು ಬುಡಿಸಿ ಮಾರ್ಕೆಟ್ಟಿಗೆ ತತ್ತೀವಲ್ಲ, ಅವತ್ತು ಬತ್ತೀನಿ. ಆದ್ರೆ ನಂಗೆ ಪಾಠ ಒಪ್ಪಿಸು ಅನ್ಬ್ಯಾಡ. ಏನ್ ಕೇಳ್ತೀರೋ ಅದ್ಕೆ ಹೇಳ್ತೀನಿ."

ಗೂಡು ಮಾರಾಟವಾದ ದಿನ ಅವಳು ಮಾತಿಗೆ ಸರಿಯಾಗಿ ಬಂದಳು. ಜರಿಯಂಚಿನ ಸೀರೆ, ಮುಡಿಯಲ್ಲಿ ಕನಕಾಂಬರ. ಹುಳು ಮನೆಯಲ್ಲಿಲ್ಲದ ದಿನ ಹೂವಿಗೆ ಅಡ್ಡಿಯಿಲ್ಲ. ಬಾಲರಾಜು ಬಾಗಿಲಲ್ಲೇ ನಿಂತ. ಮುಜಾಮಿಲ್ ಅವಳಿಗೆ ಕುರ್ಚಿ ಹಾಕಿಸಿ, ಬಾದಾಮಿ ಹಾಲು ತರಿಸಿ, ಗೋಡೆಯೆಲ್ಲ ಕಾಣುವಂತೆ ಮೊಬೈಲನ್ನು ಎತ್ತಿ ಹಿಡಿದ. ಅಶ್ವಥ್ ಏನು ಕೇಳಬೇಕೆಂದು ಬೆಳಗ್ಗೆಯಿಂದ ಬಾಯಿಪಾಠ ಮಾಡಿಸಿದ್ದ. ಎಷ್ಟು ವರ್ಷದಿಂದ ಎತ್ತುತ್ತಿದ್ದೀರಿ? ಯಾವಾಗ ಪದಕ ಬಂತು? ಆಗ ಯಾವ ಬಟ್ಟೆ ತೊಟ್ಟಿದ್ದಿರಿ? ಹೀಗೆ ಕೇಳಿದರೆ ಸುಳ್ಳು ಹೇಳುವ ಪ್ರಮೇಯವೇ ಬರುವುದಿಲ್ಲ. ನೋಡುವವರು ತಾವೇ ಗಂಟು ಹಾಕಿಕೊಳ್ಳುತ್ತಾರೆ. ಮುಜಾಮಿಲ್ ವ್ಯಾಪಾರದಲ್ಲಿ ಹುಟ್ಟಿ ಬೆಳೆದವನು.

ಚೆನ್ನಾಗಿಯೇ ಸಾಗಿತು. ಸಾವಿರ ಜನ ನೋಡುತ್ತಿದ್ದಾರೆಂದು ಮುಜಾಮಿಲ್ ಬೆರಳೆತ್ತಿ ಸನ್ನೆ ಮಾಡಿದ. ಅಂಗಡಿಯೊಳಗೂ ಹತ್ತು ಹನ್ನೆರಡು ಜನ ಸೇರಿದ್ದರು. ಅವರಲ್ಲಿ ಮಾಗಡಿಯಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುವ ಭಾನುಪ್ರಿಯ ಎಂಬ ಹುಡುಗಿಯಿದ್ದಳು. ಪೊಲೀಸ್ ದೈಹಿಕ ಪರೀಕ್ಷೆಗೆ ಕಬ್ಬಿಣದ ಗುಂಡು ಎಸೆಯುವುದನ್ನು ಕಲಿಯುತ್ತಿರುವವಳು. ಒಂದು ಜೊತೆ ಬಿಗಿ ಅಂಗಿ, ಪ್ಯಾಂಟನ್ನು ಎದೆಗೊತ್ತಿ ಹಿಡಿದು, ಬೆಲೆಯ ಚೀಟಿಯನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದಳು.

"ಅಣ್ಣಾ," ಎಂದಳು ಅಶ್ವಥನಿಗೆ. "ನಂಗೆ ತಗೊಳಕ್ಕಾಗೋದು ಇದೊಂದೇ ಸಲ. ನಿಜ ಹೇಳಿ. ಇದು ಹಾಕ್ಕೊಂಡ್ರೆ ಗುಂಡು ದೂರ ಹೋಗುತ್ತಾ?"

ಹೋಗುತ್ತೆ ಎಂದರೆ ಮುಗಿಯಿತು. ಮೊಬೈಲಿನ ಹಿಂದೆ ಮುಜಾಮಿಲ್ ಹುಬ್ಬು ಹಾರಿಸಿ, ಹೇಳು ಹೇಳು ಎನ್ನುತ್ತಿದ್ದ. ಅಶ್ವಥನ ಕಣ್ಣಮುಂದೆ ತಂಗಿಯ ಫೀಸು ಬಂತು, ಮರಳವಾಡಿಗೆ ಗಂಟುಮೂಟೆ ಕಟ್ಟಿ ಇಳಿಯುವ ತಾನೂ ಬಂದ. ಬಾಯಿ ತೆರೆದ. ಹೊರಟ ಮಾತು ಬೇರೆಯಾಯಿತು. ತಿಂಗಳುಗಳಿಂದ ಒಳಗೇ ತಿರುಗುತ್ತಿದ್ದ ಪ್ರಶ್ನೆಗೆ ಅವತ್ತೇ ದಾರಿ ಸಿಕ್ಕಿತು.

"ರಾಧಕ್ಕ," ಎಂದ, ಮೊಬೈಲಿಗೆ ಬೆನ್ನು ತಿರುಗಿಸಿ. "ನೀವೇ ಹೇಳಿ. ಇದು ಹಾಕ್ಕೊಂಡ್ರೆ ಜಾಸ್ತಿ ಎತ್ತಾಕ್ ಆಯ್ತದಾ, ಇಲ್ವಾ?"

ರಾಧಾಮಣಿ ಬಾದಾಮಿ ಹಾಲಿನ ಲೋಟವನ್ನು ಕೆಳಗಿಟ್ಟು, ಅಶ್ವಥನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹುಡುಗಿಯ ಕಡೆ ತಿರುಗಿದಳು.

"ಒಂದ್ ಕೇಜಿನೂ ಜಾಸ್ತಿ ಎತ್ತಾಕ್ ಆಗಾಕಿಲ್ಲ ಕಣವ್ವ. ಮಾರ್ನೇ ದಿನದ ನೋವಿಗೆ ಒಸಿ ವಾಸಿ, ತೊಡೆ ಉಜ್ಜಿ ಉರಿಯಾಕಿಲ್ಲ, ಬಟ್ಟೆ ಸಿಕ್ಕಾಕ್ಕೊಳಾಕಿಲ್ಲ, ಅಷ್ಟೇಯ. ದುಡ್ಡು ಮಿಕ್ಕಿದ್ರೆ ತಗೋ. ಮಿಕ್ಕಿಲ್ಲ ಅಂದ್ರೆ ಅದ್ರಲ್ಲಿ ಮೊಟ್ಟೆ ತಿನ್ನು."